ಭೋಗ್ಯಕ್ಕೆ ಹಾಕಿಕೊಂಡ ಮನೆಗೆ ಬ್ಯಾಂಕಿನವರು ನೋಟಿಸ್ ಅಂಟಿಸಿದ್ದಾರೆ, ನಮ್ಮ ಹಣದ ಗತಿ ಏನು?

ಎರಡನೇ ಕ್ರಾಸ್ · 2025 ಫೆಬ್ರವರಿ 11, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಗಾರ್ಮೆಂಟ್ಸ್‌ನಿಂದ ಮನೆಗೆ ಬಂದಾಗ ಗೇಟಿನ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಗೋಂದು ಇನ್ನೂ ಹಸಿ ಇತ್ತು. ಪಕ್ಕದ ಮನೆಯ ಹುಡುಗ ಗಟ್ಟಿಯಾಗಿ ಓದುತ್ತಾ ನಿಂತಿದ್ದ. "ಸ್ವಾಧೀನ ಪ್ರಕಟಣೆ" ಅಂತ ಇದೆ. ಓನರ್ ಹೆಸರು, ಮನೆ ನಂಬರ್, ಬಾಕಿ 41 ಲಕ್ಷ ಚಿಲ್ಲರೆ.

ಈ ಮನೆಯನ್ನು 2024ರ ಆಗಸ್ಟ್‌ನಲ್ಲಿ 3 ವರ್ಷಕ್ಕೆ ಭೋಗ್ಯಕ್ಕೆ ಹಾಕಿಕೊಂಡಿದ್ದೇವೆ. 9 ಲಕ್ಷ ಕೊಟ್ಟಿದ್ದೇವೆ. 5 ಲಕ್ಷ ಬ್ಯಾಂಕಿನಿಂದ ಹಾಕಿದ್ದು, 4 ಲಕ್ಷ ಕೈಯಲ್ಲಿ. ಅಮ್ಮನ ಬಳೆ, ಎರಡು ಚೀಟಿ, ಊರಿನ ಸೊಸೈಟಿ ಸಾಲ ಎಲ್ಲ ಸೇರಿ ಆದ ದುಡ್ಡು ಅದು. ತಿಂಗಳ ಬಾಡಿಗೆ ಉಳಿಯುತ್ತದೆ, ಅವಧಿ ಮುಗಿದ ಮೇಲೆ ಅಷ್ಟೂ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿದ್ದೆವು.

ಓನರ್ ಫೋನ್ ತೆಗೆಯುತ್ತಿಲ್ಲ. ಬ್ರೋಕರ್ "ಏನೂ ಆಗಲ್ಲ, ಸುಮ್ನೆ ಇರಿ" ಅಂತಾನೆ. ಯಜಮಾನರು ರಾತ್ರಿ ಊಟ ಮಾಡಿಲ್ಲ. ನಮ್ಮನ್ನು ಹೊರಗೆ ಹಾಕುತ್ತಾರಾ? ದಯವಿಟ್ಟು ತಿಳಿದವರು ಹೇಳಿ.

ಬೆಟ್ಟದ ಹುಲಿ · ಅದೇ ದಿನ

ಹೆದರಬೇಡಿ ಅಕ್ಕ. ಆ ಕಾಗದ ಕಿತ್ತು ಬಿಸಾಕಿ. ಒಳಗೆ ಇರುವವರನ್ನು ಯಾರೂ ಏನೂ ಮಾಡಕ್ಕಾಗಲ್ಲ. ನಾಳೆ ಸಿವಿಲ್ ಕೋರ್ಟಿಗೆ ಹೋಗಿ ಸ್ಟೇ ತನ್ನಿ, ಮುಗೀತು.

ನಿವೃತ್ತ ಲೆಡ್ಜರ್ · ಅದೇ ದಿನ, ಮಧ್ಯಾಹ್ನ

ದಯವಿಟ್ಟು ಕೀಳಬೇಡಿ. ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದು ಹತ್ತಿರದಿಂದ, ಎಲ್ಲ ಅಕ್ಷರ ಕಾಣುವ ಹಾಗೆ. ಇನ್ನೊಂದು ದೂರದಿಂದ, ಗೋಡೆ ಗೇಟು ಕಾಣುವ ಹಾಗೆ.

ನಾನು ಬ್ಯಾಂಕಿನಲ್ಲಿ ಸಾಲ ವಸೂಲಾತಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಂಥ ಕಾಗದ ನಾನೇ ಅಂಟಿಸಿ ಬಂದಿದ್ದೇನೆ. ಎಷ್ಟೋ ಸಲ ಗೇಟಿನ ಒಳಗೆ ನಿಂತು ನೋಡುತ್ತಿದ್ದವರು ಸಾಲ ಮಾಡಿದವರೇ ಅಲ್ಲ, ನಿಮ್ಮ ಹಾಗೆ ಭೋಗ್ಯಕ್ಕೆ ಬಂದವರು. ಆ ಮುಖಗಳು ಇನ್ನೂ ನೆನಪಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು 2002ರ ಸರ್ಫೇಸಿ ಕಾಯ್ದೆಯ ನೋಟಿಸ್. ಸಾಲ ಕಟ್ಟದಿದ್ದರೆ ಅಡ ಇಟ್ಟ ಸ್ವತ್ತನ್ನು ಬ್ಯಾಂಕು ವಶಕ್ಕೆ ತೆಗೆದುಕೊಳ್ಳುವ ಕಾನೂನು ಅದು. ಸಾಲದ ಕಂತು 90 ದಿನ ದಾಟಿ ಬಾಕಿ ಉಳಿದರೆ ಬ್ಯಾಂಕು ಅದನ್ನು ಕೆಟ್ಟ ಸಾಲ ಅಂತ ಗುರುತು ಮಾಡುತ್ತದೆ. ಆಮೇಲೆ ಬಾಕಿ ಕಟ್ಟಿ ಅಂತ ಆ ಕಾಯ್ದೆಯ ಸೆಕ್ಷನ್ 13(2)ರ ನೋಟಿಸ್ ಕೊಟ್ಟು 60 ದಿನ ಸಮಯ ಕೊಡುತ್ತದೆ. ಕಟ್ಟದಿದ್ದರೆ ಈಗ ನಿಮ್ಮ ಗೋಡೆ ಮೇಲಿರುವ ಕಾಗದ ಬರುತ್ತದೆ. 7 ದಿನದೊಳಗೆ ಎರಡು ಪತ್ರಿಕೆಯಲ್ಲೂ ಹಾಕಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದು.

ಇದರ ಅರ್ಥ ನಾಳೆಯೇ ನಿಮ್ಮ ಸಾಮಾನು ಬೀದಿಗೆ ಬರುತ್ತದೆ ಅಂತಲ್ಲ. ಇದು ಕಾಗದದ ಮೇಲಿನ ಸ್ವಾಧೀನ. ಜನ ಇರುವ ಮನೆಯನ್ನು ನಿಜವಾಗಿ ವಶಕ್ಕೆ ಪಡೆಯಲು ಬ್ಯಾಂಕಿನವರು ಸಾಮಾನ್ಯವಾಗಿ ಸೆಕ್ಷನ್ 14ರಲ್ಲಿ ಜಿಲ್ಲಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಹತ್ತಿರ ಆದೇಶ ತರುತ್ತಾರೆ. ಹರಾಜಿಗೆ ಮುಂಚೆ 30 ದಿನದ ನೋಟಿಸ್ ಬೇರೆ ಇದೆ. ಹಾಗಾಗಿ ಸಮಯ ಇದೆ. ಆದರೆ ಜಾಸ್ತಿ ಇಲ್ಲ.

ಆ ಕಾಗದದಲ್ಲಿ 13(2) ನೋಟಿಸಿನ ದಿನಾಂಕ ಬರೆದಿರುತ್ತಾರೆ. ಅದು ಯಾವುದು ಹೇಳಿ.

ಕರಿಕೋಟು · ಅದೇ ದಿನ, ಸಂಜೆ

ವಕೀಲ ನಾನು, ಸಿವಿಲ್ ಕಡೆ ಕೆಲಸ. ಲೆಡ್ಜರ್ ಅವರು ಹೇಳಿದ್ದು ಸರಿ. ಬೆಟ್ಟದ ಹುಲಿ ಅವರೇ, ಕಾಳಜಿಯಿಂದ ಬರೆದಿದ್ದೀರಿ, ಆದರೆ ಸಿವಿಲ್ ಕೋರ್ಟಿನ ಸ್ಟೇ ಇಲ್ಲಿ ನಡೆಯುವುದಿಲ್ಲ. ಸರ್ಫೇಸಿ ಕಾಯ್ದೆಯ ಸೆಕ್ಷನ್ 34 ಆ ಬಾಗಿಲು ಮುಚ್ಚಿದೆ. ಹೋಗಬೇಕಾದ್ದು ಡಿಆರ್‌ಟಿಗೆ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ. ತಪ್ಪು ಕೋರ್ಟಿನಲ್ಲಿ ಎರಡು ತಿಂಗಳು ಅಲೆದು, ಸರಿಯಾದ ಕಡೆ ಗಡುವು ಮುಗಿಸಿಕೊಂಡವರನ್ನು ನೋಡಿದ್ದೇನೆ.

ಅಕ್ಕ, ನಿಮ್ಮ ಕರಾರು ಪತ್ರ ಈಗಲೇ ತೆಗೆಯಿರಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದೆಯಾ ಅಥವಾ ಬರೀ ನೋಟರಿ ಸೀಲ್ ಇದೆಯಾ? ಕೈಯಲ್ಲಿ ಕೊಟ್ಟ 4 ಲಕ್ಷ ಅದರಲ್ಲಿ ಬರೆದಿದೆಯಾ? ಇನ್ನೊಂದು ಮುಖ್ಯ. "ಸದರಿ ಸ್ವತ್ತಿನ ಮೇಲೆ ಯಾವುದೇ ಸಾಲ ಸೋಲ ಇರುವುದಿಲ್ಲ" ಅನ್ನುವಂಥ ಸಾಲು ಇದೆಯಾ ಹುಡುಕಿ.

ಎರಡನೇ ಕ್ರಾಸ್ · ರಾತ್ರಿ 10:20

ಕರಾರು ಪತ್ರ ಬೀರುವಿನಲ್ಲಿ ಅಮ್ಮನ ಸೀರೆ ಕೆಳಗೆ ಇಟ್ಟಿದ್ದೆ. ತೆಗೆದೆ. ಬರೀ ನೋಟರಿ. ನೋಂದಣಿ ಮಾಡಿಸೋಣ ಅಂದಾಗ ಓನರ್ "ಸುಮ್ನೆ ಯಾಕೆ ಖರ್ಚು, ನೋಟರಿ ಅಂದರೆ ಗೌರ್ನಮೆಂಟೇ" ಅಂದಿದ್ದರು. 13(2) ನೋಟಿಸ್ ದಿನಾಂಕ 2024 ನವೆಂಬರ್ 6. ನಮ್ಮ ಕರಾರು 2024 ಆಗಸ್ಟ್ 12.

9 ಲಕ್ಷ ಪೂರ್ತಿ ಬರೆದಿದೆ. "ನಗದಾಗಿ 4 ಲಕ್ಷ ಮುಟ್ಟಿರುತ್ತದೆ" ಅಂತ ಓನರ್ ಸಹಿ ಇದೆ.

ಆ ಸಾಲೂ ಸಿಕ್ಕಿತು ಸರ್. ಎರಡನೇ ಪುಟ. "ಷೆಡ್ಯೂಲು ಸ್ವತ್ತಿನ ಮೇಲೆ ಯಾವುದೇ ಸಾಲ, ಸೋಲ, ಆಧಾರ, ಜಪ್ತಿ, ವ್ಯಾಜ್ಯ ಇರುವುದಿಲ್ಲ, ಇದ್ದಲ್ಲಿ ಒಂದನೇ ಪಾರ್ಟಿಯವರೇ ಬಗೆಹರಿಸಿಕೊಡತಕ್ಕದ್ದು." ಅವತ್ತು ಬ್ರೋಕರ್ ಇದನ್ನು ಗಡಗಡ ಅಂತ ಓದಿಬಿಟ್ಟ. ನಾವು ತಲೆ ಆಡಿಸಿದೆವು.

ನಿವೃತ್ತ ಲೆಡ್ಜರ್ · ಫೆಬ್ರವರಿ 12

ದಿನಾಂಕ ನೋಡಿ ಮನಸ್ಸಿಗೆ ಕಷ್ಟವಾಯಿತು. ನವೆಂಬರ್ 6ಕ್ಕೆ ನೋಟಿಸ್ ಅಂದರೆ ಅದಕ್ಕಿಂತ 90 ದಿನ ಹಿಂದೆಯೇ ಕಂತು ನಿಂತಿರಬೇಕು. ಅಂದರೆ ಆಗಸ್ಟ್ ಮೊದಲ ವಾರ. ನಿಮ್ಮ ಹತ್ತಿರ 9 ಲಕ್ಷ ತೆಗೆದುಕೊಂಡ ದಿನ ಓನರ್‌ಗೆ ತನ್ನ ಸಾಲ ಕೆಡುತ್ತಿದೆ ಅಂತ ಚೆನ್ನಾಗಿ ಗೊತ್ತಿತ್ತು.

ಕರಿಕೋಟು · ಫೆಬ್ರವರಿ 12

ಹೌದು. ಅದೂ, ಎರಡನೇ ಪುಟದ ಆ ಸಾಲೂ ಸೇರಿದರೆ ನಿಮ್ಮ ಕೈಯಲ್ಲಿ ದೊಡ್ಡ ಅಸ್ತ್ರವೇ ಇದೆ. ಆದರೆ ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಸುಳ್ಳು ಧೈರ್ಯ ಕೊಟ್ಟರೆ ನಿಮಗೆ ಅನ್ಯಾಯ ಮಾಡಿದ ಹಾಗೆ.

ಮನೆಯಲ್ಲಿ ಉಳಿಯುವ ವಿಷಯದಲ್ಲಿ ನಿಮ್ಮ ಪಕ್ಷ ದುರ್ಬಲ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಆಗಲೇಬೇಕು. ಅದನ್ನು ಅಡಮಾನ ಅಂತ ನೋಡಿದರೂ ಅಷ್ಟೇ. ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 59 ಪ್ರಕಾರ 100 ರೂಪಾಯಿ ಮೇಲ್ಪಟ್ಟ ಭೋಗ್ಯದ ಅಡಮಾನಕ್ಕೂ ನೋಂದಣಿ ಬೇಕು. ನೋಟರಿ ಸೀಲ್ ನೋಂದಣಿ ಅಲ್ಲ. ನೋಟರಿ ಹೇಳುವುದು ಇಷ್ಟೇ, ಈ ಜನ ನನ್ನ ಎದುರು ಸಹಿ ಹಾಕಿದರು ಅಂತ. 2019ರಲ್ಲಿ ಸುಪ್ರೀಂ ಕೋರ್ಟ್ ಬಜರಂಗ್ ಶ್ಯಾಮಸುಂದರ್ ಅಗರ್ವಾಲ್ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ನೋಂದಣಿ ಇಲ್ಲದ ಕಾಗದ ತೋರಿಸಿ ಬ್ಯಾಂಕಿನ ಎದುರು ಒಂದು ವರ್ಷಕ್ಕಿಂತ ಜಾಸ್ತಿ ಬಾಡಿಗೆದಾರಿಕೆ ಕೇಳಲು ಆಗುವುದಿಲ್ಲ.

ಇನ್ನೊಂದು ತೊಡಕು ಜನಕ್ಕೆ ಗೊತ್ತೇ ಇರುವುದಿಲ್ಲ. ಮನೆ ಬ್ಯಾಂಕಿಗೆ ಅಡ ಇಟ್ಟವನು ಅದನ್ನು ಬಾಡಿಗೆಗೆ ಕೊಡಬಹುದು, ಆದರೆ ಹೇಗೆ ಬೇಕೋ ಹಾಗಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 65ಎ ಪ್ರಕಾರ ನ್ಯಾಯವಾದ ಬಾಡಿಗೆ ಬರಬೇಕು, ಇಡಿಗಂಟು ತೆಗೆದುಕೊಳ್ಳಬಾರದು, ಬಾಡಿಗೆ ಮುಂಗಡವಾಗಿ ವಸೂಲಿ ಮಾಡಬಾರದು. ನಮ್ಮ ಭೋಗ್ಯ ಅಂದರೆ ಏನು? ತಿಂಗಳ ಬಾಡಿಗೆ ಇಲ್ಲ, ಇಡಿಗಂಟೇ ಎಲ್ಲ. ಬ್ಯಾಂಕಿನ ವಕೀಲರು ಹಿಡಿಯುವುದೇ ಇದನ್ನು.

ಹಾಗಂತ ಡಿಆರ್‌ಟಿಗೆ ಹೋಗುವುದು ವ್ಯರ್ಥ ಅಲ್ಲ. ಸರ್ಫೇಸಿ ಕಾಯ್ದೆಗೆ 2016ರ ತಿದ್ದುಪಡಿಯಿಂದ ಸೆಕ್ಷನ್ 17(4ಎ) ಬಂದಿದೆ. ಮನೆಯಲ್ಲಿ ವಾಸ ಇರುವವರೂ ತಮ್ಮ ಹಕ್ಕು ಹೇಳಿಕೊಳ್ಳಬಹುದು. 13(2) ನೋಟಿಸ್ ಆದ ಮೇಲೆ ಮಾಡಿಕೊಂಡ ಕರಾರು ಆಗಿದ್ದರೆ ಅಲ್ಲೇ ಬಿದ್ದುಹೋಗುತ್ತಿತ್ತು. ನಿಮ್ಮದು ಅದಕ್ಕಿಂತ ಹಿಂದಿನದು, ಅದು ಒಂದು ಅನುಕೂಲ. ಮಕ್ಕಳ ಶಾಲೆ ಮುಗಿಯುವವರೆಗೆ ಸಮಯ ಕೊಡಿ ಅಂತ ಕೇಳಲಿಕ್ಕಾದರೂ ಅಲ್ಲಿ ಇರಬೇಕು. ಗಡುವು 45 ದಿನ. ಫೆಬ್ರವರಿ 10ರಿಂದ ಎಣಿಸಿದರೆ ಮಾರ್ಚ್ 27. ಕೊನೆಯ ದಿನಕ್ಕೆ ಕಾಯಬೇಡಿ.

ಈಗ ಹಣದ ವಿಷಯ. ಇಲ್ಲಿ ನೀವು ಗಟ್ಟಿ ಇದ್ದೀರಿ. ಸಾಲ ಇದ್ದೂ ಸಾಲ ಇಲ್ಲ ಅಂತ ಬರೆದುಕೊಟ್ಟು ಹಣ ತೆಗೆದುಕೊಂಡದ್ದು ವಂಚನೆ. 2024 ಜುಲೈ 1ರ ನಂತರದ ಕರಾರು, ಹಾಗಾಗಿ ಹಳೆಯ 420 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 318(4). 7 ವರ್ಷದವರೆಗೆ ಶಿಕ್ಷೆ ಇದೆ. ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್ ಕಣಮ್ಮ" ಅನ್ನಬಹುದು. ಆಗ ವಾದಕ್ಕೆ ಇಳಿಯಬೇಡಿ. ಎರಡನೇ ಪುಟ, ನೋಟಿಸಿನ ದಿನಾಂಕ, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಲಗತ್ತಿಸಿ ಬರವಣಿಗೆಯಲ್ಲಿ ದೂರು ಕೊಡಿ. ದೂರು ತೆಗೆದುಕೊಳ್ಳದಿದ್ದರೆ ಹಿಂಬರಹ ಕೇಳಿ, ಅಂದರೆ ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಠಾಣೆಯವರೇ ಬರೆದುಕೊಡುವ ಉತ್ತರ. ಅದನ್ನೂ ಕೊಡದಿದ್ದರೆ ಅದೇ ದೂರನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಎಸ್‌ಪಿಗೆ, ಬೆಂಗಳೂರಿನಲ್ಲಾದರೆ ಡಿಸಿಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗುವ ದಾರಿ ಕಾನೂನಿನಲ್ಲೇ ಇದೆ. ಎಫ್‌ಐಆರ್ ಆದರೆ ಅದರ ಪ್ರತಿ ನಿಮಗೆ ಉಚಿತ.

ಜೊತೆಗೆ ಓನರ್ ಮೇಲೆ ಹಣ ವಸೂಲಿ ದಾವೆ. ಇದು ಸಿವಿಲ್ ಕೋರ್ಟಿನಲ್ಲೇ. ಹರಾಜಿನಲ್ಲಿ 41 ಲಕ್ಷಕ್ಕಿಂತ ಜಾಸ್ತಿ ಬಂದರೆ ಬಾಕಿ, ಬಡ್ಡಿ, ಖರ್ಚು ಮುರಿದುಕೊಂಡು ಉಳಿದದ್ದನ್ನು ಬ್ಯಾಂಕು ಓನರ್‌ಗೆ ಕೊಡುತ್ತದೆ. ಆ ಹಣ ಅವರ ಕೈ ಸೇರುವ ಮೊದಲೇ ಜಪ್ತಿ ಮಾಡಿ ಅಂತ ದಾವೆಯ ಜೊತೆಗೇ ಅರ್ಜಿ ಹಾಕಬಹುದು. ಇದನ್ನು ನಿಮ್ಮ ವಕೀಲರಿಗೆ ತಪ್ಪದೆ ನೆನಪಿಸಿ.

ಎರಡನೇ ಕ್ರಾಸ್ · ಫೆಬ್ರವರಿ 12, ರಾತ್ರಿ

ಮೂರು ಸಲ ಓದಿದೆ ಸರ್. ಯಜಮಾನರಿಗೂ ಓದಿ ಹೇಳಿದೆ. ವಕೀಲರ ಫೀಸಿಗೆ ನಮ್ಮ ಹತ್ತಿರ ಏನೂ ಉಳಿದಿಲ್ಲ. 4 ಲಕ್ಷ ನಗದು ಕೊಟ್ಟಿದ್ದು ನಮ್ಮದೇ ತಪ್ಪು ಅಂತ ನಮ್ಮನ್ನೇ ಹಿಡಿಯುತ್ತಾರಾ?

ಕರಿಕೋಟು · ಫೆಬ್ರವರಿ 13

ಆದಾಯ ತೆರಿಗೆ ಕಾನೂನಿನಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡವನಿಗೆ ದಂಡ, ಅದೂ ಅಷ್ಟೇ ಮೊತ್ತದ್ದು. ಕೊಟ್ಟವರಿಗಲ್ಲ. ದೂರಿನಲ್ಲಿ ಧೈರ್ಯವಾಗಿ ಬರೆಯಿರಿ. ಕರಾರಿಗೆ ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿರಬಹುದು. ಹಾಗಿದ್ದರೆ ಸಿವಿಲ್ ಕೋರ್ಟ್ ಅದನ್ನು ಸಾಕ್ಷಿಯಾಗಿ ನೋಡುವ ಮೊದಲು ಬಾಕಿ ಶುಲ್ಕ, ಅದರ 10 ಪಟ್ಟು ದಂಡ ಕಟ್ಟಿ ಅನ್ನುತ್ತದೆ. ಬ್ಯಾಂಕಿನಿಂದ ಹಾಕಿದ 5 ಲಕ್ಷಕ್ಕೆ ಸ್ಟೇಟ್‌ಮೆಂಟೇ ಸಾಕ್ಷಿ. ಆ ದಂಡದ ಲೆಕ್ಕ ಈಗಲೇ ಹಾಕಿಸಿಕೊಳ್ಳಿ, ಆಮೇಲೆ ಎದೆ ಒಡೆಯುವುದು ಬೇಡ.

ಫೀಸಿನ ಚಿಂತೆ ಬಿಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಸೆಕ್ಷನ್ 12 ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಕ್ಕಳಿಗೆ, ಅಂಗವಿಕಲರಿಗೂ ಹಾಗೇ. ಡಿಆರ್‌ಟಿ ಕೂಡ ಇದರೊಳಗೆ ಬರುತ್ತದೆ, ಯಾಕೆಂದರೆ ಆ ಕಾಯ್ದೆಯಲ್ಲಿ ಕೋರ್ಟ್ ಅಂದರೆ ನ್ಯಾಯಮಂಡಳಿಯೂ ಸೇರಿದೆ. ಕರಾರು ನಿಮ್ಮ ಹೆಸರಲ್ಲೂ ಇದೆ ತಾನೇ? ಹಾಗಾದರೆ ನೀವೇ ಅರ್ಜಿ ಹಾಕಿ. ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಪ್ರತಿ ಜಿಲ್ಲೆಯಲ್ಲಿ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿ ಇದೆ. ಹೋಗುವ ಮೊದಲು 15100ಕ್ಕೆ ಫೋನ್ ಮಾಡಿ ಕೇಳಬಹುದು.

ತುಮಕೂರು ರಸ್ತೆ · ಫೆಬ್ರವರಿ 13

ನಮಗೂ ಹೀಗೇ ಆಗಿತ್ತು. ನಮ್ಮ ಬ್ರೋಕರ್ ಕೂಡ "ಏನೂ ಆಗಲ್ಲ" ಅಂದಿದ್ದ, ನಾವು ನಂಬಿ ಏಳು ತಿಂಗಳು ಕೂತೆವು. ಒಂದು ಬೆಳಿಗ್ಗೆ ಕೋರ್ಟಿನಿಂದ ನೇಮಿಸಿದ ಕಮಿಷನರ್, ಪೊಲೀಸರು, ಬ್ಯಾಂಕಿನ ಇಬ್ಬರು ಬಂದರು. ಒಲೆ ಮೇಲೆ ಅನ್ನ ಬೇಯುತ್ತಿತ್ತು. ಅವರು ಕೆಟ್ಟದಾಗಿ ಮಾತಾಡಲಿಲ್ಲ. ಸಾಮಾನು ಪಟ್ಟಿ ಮಾಡಿದರು, ನನ್ನಿಂದ ಸಹಿ ತೆಗೆದುಕೊಂಡರು, ಬೀಗ ಹಾಕಿದರು. ಕುಕ್ಕರ್ ಕೈಯಲ್ಲಿ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದೆ.

ನಾವು 45 ದಿನ ಅನ್ನುವುದನ್ನು ಕೇಳಿಯೇ ಇರಲಿಲ್ಲ. ನೀವು ಎರಡನೇ ದಿನಕ್ಕೇ ಕೇಳಿದ್ದೀರಿ ಅಕ್ಕ. ನಾಳೆಯೇ ಹೋಗಿ. ರಜೆ ಸಿಗಲ್ಲ ಅಂದರೆ ಅರ್ಧ ದಿನವಾದರೂ ಹಾಕಿ. ನಮ್ಮದು 6 ಲಕ್ಷ. ಓನರ್ ಒಂದು ಚೆಕ್ ಕೊಟ್ಟರು, ಅದೂ ಬೌನ್ಸ್. ಆಗ ಮಾತ್ರ ಸರಿಯಾದ ಹೊತ್ತಿಗೆ ನೋಟಿಸ್ ಕೊಟ್ಟೆವು. ಆ ಕೇಸು ನಡೆಯುತ್ತಿದೆ, ಅರ್ಧ ಹಣ ಬಂದಿದೆ.

ಕರಿಕೋಟು · ಫೆಬ್ರವರಿ 13

ತುಮಕೂರು ರಸ್ತೆ ಅವರ ಚೆಕ್ ವಿಷಯ ಎಲ್ಲರೂ ಗಮನಿಸಿ. ಸಮಾಧಾನ ಮಾಡಲು ಓನರ್‌ಗಳು ಚೆಕ್ ಕೊಡುವುದು ಮಾಮೂಲು. ಚೆಕ್ಕಿಗೆ 3 ತಿಂಗಳು ಆಯಸ್ಸು, ಅಷ್ಟರೊಳಗೆ ಹಾಕಿ. ಬೌನ್ಸ್ ಆದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ಮುಟ್ಟಿದ ಮೇಲೆ ಅವರಿಗೆ 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಸೆಕ್ಷನ್ 138ರ ದೂರು. 2 ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟು ದಂಡ, ಅಥವಾ ಎರಡೂ. "ಮುಂದಿನ ವಾರ ಕೊಡ್ತೀನಿ" ಅನ್ನುತ್ತಾ ಆ 30 ದಿನ ದಾಟಿಸುವುದೇ ಅವರ ಉಪಾಯ.

ಹಾವೇರಿ ಹುಡುಗ · ಫೆಬ್ರವರಿ 14

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಸಣ್ಣ ಸಮಸ್ಯೆ. ಬೆಂಗಳೂರಿನ ರೂಮ್ ಖಾಲಿ ಮಾಡಿದೆ. 80 ಸಾವಿರ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಅಂತ 30 ಸಾವಿರ ಹಿಡಿದಿದ್ದಾರೆ. ಕೇಂದ್ರದ ಹೊಸ ಕಾನೂನಿನಲ್ಲಿ ಎರಡು ತಿಂಗಳ ಅಡ್ವಾನ್ಸ್ ಮಾತ್ರ ಅಂತ ಕೇಳಿದ್ದೆ.

ಕರಿಕೋಟು · ಫೆಬ್ರವರಿ 14

80 ಸಾವಿರದಲ್ಲಿ 30 ಸಾವಿರ ಸಣ್ಣದಲ್ಲ. ಎರಡು ತಿಂಗಳ ಮಿತಿ ಇರುವುದು 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಮಾದರಿ ಅಂದರೆ ಮಾದರಿ ಅಷ್ಟೇ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳದೆ ಅದು ನಮಗೆ ಅನ್ವಯ ಆಗುವುದಿಲ್ಲ. ಆದರೆ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 108 ಇದೆ. ದಿನನಿತ್ಯದ ಬಳಕೆಯಿಂದ ಆಗುವ ಸವಕಳಿಗೆ ಬಾಡಿಗೆದಾರ ಹೊಣೆ ಅಲ್ಲ. ಪೇಂಟಿಂಗ್ ಹಣ ಹಿಡಿಯುತ್ತೇವೆ ಅಂತ ನೀವೇ ಕರಾರಿನಲ್ಲಿ ಒಪ್ಪಿದ್ದರೆ ಮಾತ್ರ ಕಷ್ಟ. ಕರಾರು ನೋಡಿ, ಪೇಂಟಿಂಗ್ ಬಿಲ್ ಕೇಳಿ. ಕೊಡದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಹಾಕಿ. ಲೋಕ ಅದಾಲತ್‌ನಲ್ಲಿ ಕೋರ್ಟ್ ಶುಲ್ಕ ಇಲ್ಲ, ರಾಜಿ ಆದರೆ ಅದು ಕೋರ್ಟಿನ ಡಿಕ್ರಿಯಷ್ಟೇ ಗಟ್ಟಿ.

ದೋಹಾದಿಂದ · ಫೆಬ್ರವರಿ 15

ನಾನು ಇನ್ನೊಂದು ಕಡೆಯವನು, ಓನರ್. ದಾವಣಗೆರೆಯಲ್ಲಿ ಮನೆ ಇದೆ, ಗೃಹಸಾಲ ನಡೆಯುತ್ತಿದೆ, ಕಂತು ತಪ್ಪಿಸಿಲ್ಲ. ತಮ್ಮನ ಮೂಲಕ ಭೋಗ್ಯಕ್ಕೆ ಕೊಡೋಣ ಅಂತಿದ್ದೆ. ಇದನ್ನೆಲ್ಲ ಓದಿ ಭಯವಾಯಿತು. ಬರುವವರಿಗೆ ಮೋಸ ಆಗಬಾರದು. ಹೇಗೆ ಮಾಡಲಿ?

ನಿವೃತ್ತ ಲೆಡ್ಜರ್ · ಫೆಬ್ರವರಿ 15

ಹೀಗೆ ಕೇಳುವ ಓನರ್ ಸಿಕ್ಕಿದ್ದು ಸಂತೋಷ. ಸಾಲ ಇರುವವರೆಗೆ ಭೋಗ್ಯ ಬೇಡ, ತಿಂಗಳ ಬಾಡಿಗೆಗೆ ಕೊಡಿ, ಅದೂ ಬ್ಯಾಂಕಿನ ಲಿಖಿತ ಒಪ್ಪಿಗೆ ತೆಗೆದುಕೊಂಡು. ಬರುವವರಿಗೆ ಸಾಲ ಇದೆ ಅಂತ ಕರಾರಿನಲ್ಲೇ ಬರೆದು ತಿಳಿಸಿ. ತಮ್ಮನಿಗೆ ಕೊಡುವ ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿ. ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಬಹಳ ಜನ ಇದನ್ನು ಮರೆಯುತ್ತಾರೆ.

ಎರಡನೇ ಕ್ರಾಸ್ · ಫೆಬ್ರವರಿ 25

ಎಲ್ಲರಿಗೂ ತಿಳಿಸಬೇಕು ಅನ್ನಿಸಿತು. 14ಕ್ಕೇ ರಜೆ ಹಾಕಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಅರ್ಜಿ, ಆಧಾರ್, ಕರಾರಿನ ಜೆರಾಕ್ಸ್ ತೆಗೆದುಕೊಂಡರು. ಒಬ್ಬ ಮೇಡಂ ವಕೀಲರನ್ನು ಕೊಟ್ಟಿದ್ದಾರೆ. ಡಿಆರ್‌ಟಿ ಅರ್ಜಿ ತಯಾರಾಗಿದೆ, ಈ ವಾರ ಹಾಕುತ್ತಾರೆ.

ಠಾಣೆಯಲ್ಲಿ ಮೊದಲ ದಿನ ಸಿವಿಲ್ ಅಂದರು. ಹಿಂಬರಹ ಕೊಡಿ ಸರ್ ಅಂದೆ. ಆ ಪದ ಹೇಳುವಾಗ ಕೈ ನಡುಗುತ್ತಿತ್ತು. ಅವರು ತಲೆ ಎತ್ತಿ ನೋಡಿದರು. ಕೂತ್ಕೊಳ್ಳಮ್ಮ ಅಂದರು. ಎರಡನೇ ಪುಟ ಓದಿದರು. ನಾಲ್ಕು ದಿನ ಬಿಟ್ಟು ಎಫ್‌ಐಆರ್ ಆಯಿತು, ಪ್ರತಿ ಕೊಟ್ಟಿದ್ದಾರೆ.

ನಿನ್ನೆ ಓನರ್ ತಾವಾಗಿಯೇ ಫೋನ್ ಮಾಡಿದರು. 3 ಲಕ್ಷ ಈಗ ಕೊಡುತ್ತೇನೆ, ಕೇಸು ವಾಪಸ್ ತಗೊಳ್ಳಿ ಅಂದರು. ಮೇಡಂ ಹತ್ತಿರ ಮಾತಾಡಿ ಅಂತ ನಂಬರ್ ಕೊಟ್ಟೆ. ಇವತ್ತು ಯಜಮಾನರು ಎರಡು ಮುದ್ದೆ ಊಟ ಮಾಡಿದರು.

ಕರಿಕೋಟು · ಫೆಬ್ರವರಿ 25

ಸರಿಯಾಗಿ ಮಾಡಿದಿರಿ. ಬಾಯಿ ಮಾತಿನ ರಾಜಿಗೆ ಒಪ್ಪಬೇಡಿ. ಏನೇ ಒಪ್ಪಂದ ಆದರೂ ಕೋರ್ಟಿನ ಅಥವಾ ಲೋಕ ಅದಾಲತ್‌ನ ಮುಂದೆ ಬರವಣಿಗೆಯಲ್ಲಿ ಆಗಲಿ.

ಹೊಸ ಮನೆ ಹುಡುಕಾಟ · ಫೆಬ್ರವರಿ 26

ನಾಳೆ ಒಂದು ಲೀಸ್ ಮನೆಗೆ 50 ಸಾವಿರ ಟೋಕನ್ ಕೊಡುವವರಿದ್ದೆವು. ಒಟ್ಟು 11 ಲಕ್ಷ. ರಾತ್ರಿ ಇದನ್ನು ಓದಿದೆ. ಸಾಲ ಇದೆಯಾ ಅಂತ ನಾವೇ ನೋಡುವುದು ಹೇಗೆ? ಓನರ್‌ನ ಕೇಳಿದರೆ ಬೇಜಾರಾಗುತ್ತಾರೆ ಅಂತ ನಮ್ಮ ಮಾವ ಹೇಳುತ್ತಾರೆ.

ನಿವೃತ್ತ ಲೆಡ್ಜರ್ · ಫೆಬ್ರವರಿ 26

ಬೇಜಾರಾದರೆ ಆಗಲಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ವೆಬ್‌ಸೈಟಿನಲ್ಲಿ ಋಣಭಾರ ಪತ್ರ ತೆಗೆಯಿರಿ, ಎಲ್ಲರೂ ಇಸಿ ಅನ್ನುತ್ತಾರಲ್ಲ ಅದು. ಓನರ್ ಕ್ರಯಪತ್ರದ ಪ್ರತಿ ಕೇಳಿ, ಅದರಲ್ಲಿರುವ ಸ್ವತ್ತಿನ ನಂಬರ್, ಚಕ್ಕುಬಂದಿ ಹಾಗೇ ಹಾಕಿ. ಅವರು ಕೊಂಡ ವರ್ಷದಿಂದ ಇವತ್ತಿನವರೆಗೆ ಹುಡುಕಿ. ವ್ಯವಹಾರ ಏನಾದರೂ ನೋಂದಣಿ ಆಗಿದ್ದರೆ ಫಾರಂ 15 ಬರುತ್ತದೆ, ಏನೂ ಇಲ್ಲದಿದ್ದರೆ ಫಾರಂ 16. ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದದ್ದು ಕೆಲವು ಸಲ ಇಸಿಯಲ್ಲಿ ಕಾಣುವುದಿಲ್ಲ. ಅದಕ್ಕೆ ಸೆರ್ಸಾಯಿ ವೆಬ್‌ಸೈಟಿನಲ್ಲೂ ನೋಡಿ. ಬ್ಯಾಂಕುಗಳು ಅಡಮಾನವನ್ನು ಅಲ್ಲಿ ದಾಖಲಿಸುತ್ತವೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಕೊನೆಗೆ, ಮೂಲ ಕ್ರಯಪತ್ರ ಕಣ್ಣಿಂದ ನೋಡಬೇಕು ಅನ್ನಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಎಲ್ಲಿದೆ ಅಂತ ಕೇಳಿ.

ಹೊಸ ಮನೆ ಹುಡುಕಾಟ · ಫೆಬ್ರವರಿ 28

ಇಸಿ ಬಂತು. ಫಾರಂ 15. ಮೊದಲ ಸಾಲು ಅವರ ಕ್ರಯ. ಎರಡನೇ ಸಾಲಿನಲ್ಲಿ ಒಂದು ಬ್ಯಾಂಕಿನ ಹೆಸರು, 2022, 35 ಲಕ್ಷ. ಸಾಲ ತೀರಿದ ದಾಖಲೆ ಎಲ್ಲೂ ಇಲ್ಲ. ಟೋಕನ್ ಕೊಟ್ಟಿಲ್ಲ. ಮಾವನಿಗೆ ಕಾಗದ ತೋರಿಸಿದೆ. ಅವರೇ ಬ್ರೋಕರ್‌ಗೆ ಫೋನ್ ಮಾಡುತ್ತಿದ್ದಾರೆ.